ತಾನೇ ಬಿಚ್ಚಿಕೊಂಡ ಕೇಕಿನ ಡಬ್ಬ

ಹಿತ್ತಿಲಲ್ಲಿದ್ದ ರದ್ದಿ ಪೀಪಾಯಿಯ ಮುಚ್ಚಳ ಕಿರ್ರೆಂದಿತು. ಬೆಕ್ಕಿರಬೇಕೆಂದು ಮಗ್ಗಲು ಬದಲಿಸಿ ಮಲಗಬಹುದಾದಷ್ಟು ಸಣ್ಣ ಸದ್ದು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡಿತು. ಮುಚ್ಚಳ ಮುಚ್ಚಿ ಹೋಗುವಷ್ಟು ಮರ್ಯಾದಸ್ಥ ಬೆಕ್ಕನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಎದ್ದು ಪರದೆ ಸರಿಸಿ ನೋಡಿದಳು. ಗಂಡನ ಅಣ್ಣ ಬನಿಯನ್ನಿನಲ್ಲಿ ನಿಂತಿದ್ದ. ಅವಳು ಸಂಜೆ ಮುದುಡಿ ಎಸೆದಿದ್ದ ರಟ್ಟಿನ ತುಂಡನ್ನು ತೊಡೆಗೆ ಒತ್ತಿ ಹಿಡಿದು, ಕೂಸಿನ ಬೆನ್ನು ನೇವರಿಸಿದ ಹಾಗೆ ಅಂಗೈಯಿಂದ ನೇವರಿಸಿ ಸಪಾಟು ಮಾಡುತ್ತಿದ್ದ. ಬೆಳಕಿಗೆ ಹಿಡಿದು ನೋಡಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ತನ್ನ ಬಾಗಿಲಿಗೆ ನಡೆದ. ಎದುರಿಗೆ ಅವಳು ಇಂದಿಗೂ ಭಾವ, ನೀವು ಎನ್ನುತ್ತಾಳೆ. ಮನಸ್ಸಿನೊಳಗೆ ಆ ರಾತ್ರಿಯಿಂದ ಏಕವಚನ.

ಗಂಡ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಏನನ್ನುತ್ತಾನೆಂದು ಗೊತ್ತಿತ್ತು. ‘ಹೋಗಲಿ ಬಿಡು.’ ಮಾವ ಕಟ್ಟಿದ ರಟ್ಟಿನ ಡಬ್ಬದ ವರ್ಕ್‌ಶಾಪು ಪಾಲಾಗಿ ರಸ್ತೆ ಕಡೆಯ ಅರ್ಧ, ದೊಡ್ಡ ಕತ್ತರಿಸುವ ಯಂತ್ರ, ಹಳೆಯ ಗಿರಾಕಿಗಳು ಎಲ್ಲವೂ ಅಣ್ಣನ ಪಾಲಿಗೆ ಹೋದಾಗಲೂ ಗಂಡ ಹೇಳಿದ್ದು ಅದನ್ನೇ. ನಡುವೆ ಪ್ಲೈವುಡ್ ಗೋಡೆ ಎದ್ದಿತು. ಇವರಿಗೆ ಹಿಂಭಾಗದ ಅರ್ಧ, ಕೈಯಿಂದ ಒತ್ತುವ ಸಣ್ಣ ಯಂತ್ರ, ಮತ್ತು ಹೊಸ ನಮೂನೆಯ ಡಬ್ಬಗಳನ್ನು ಕತ್ತರಿಸಿ ಮಡಿಸಿ ನೋಡುವ ಅವಳ ಕೈ.

ಆ ಕೈಗೇ ಕನ್ನ ಬಿದ್ದಿತ್ತು. ಗಾಜಿನ ಕಾಗದದ ಕಿಟಕಿಯಿದ್ದ ಡಬ್ಬ ಮಾಡಿದಳು. ಬೇಕರಿಯಮ್ಮನಿಗೆ ತೋರಿಸಲು ಹೋದರೆ, “ಅಯ್ಯೋ, ಇದನ್ನ ನಿಮ್ಮ ಭಾವ ಆಗಲೇ ತಂದು ತೋರಿಸಿದ್ರಲ್ಲಮ್ಮಾ” ಎಂದಿದ್ದಳು ಆಕೆ. ಕಪ್ ಕೇಕುಗಳು ಅಲುಗಾಡದಂತೆ ಗೂಡುಗಳಿರುವ ಡಬ್ಬ ಮಾಡಿದಳು. ಅದಕ್ಕೂ ಅದೇ ಗತಿ. ಬೇಕರಿಯಮ್ಮನದು ಊರಿನ ದೊಡ್ಡ ಬೇಕರಿ. ಅವಳ ಆರ್ಡರು ಯಾರಿಗೆ ಸಿಗುತ್ತದೋ ಅವರಿಗೆ ವರ್ಷವಿಡೀ ಕೆಲಸ. “ಈ ಸಲನೂ ಸಿಗಲಿಲ್ಲ ಅಂದ್ರೆ ಪ್ಲೈವುಡ್ ಕಿತ್ತು ಹಾಕೋದೇ ಕಣೇ. ಅಣ್ಣನ ಹತ್ರ ಸಂಬಳಕ್ಕೆ ಸೇರ್ಕೊಳ್ಳೋಣ” ಎಂದು ಗಂಡ ಊಟ ಮಾಡುತ್ತಾ ಹೇಳಿದ್ದ, ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ ಎಂದಷ್ಟೇ ಸಲೀಸಾಗಿ.

ಅವನ ಕೈಕೆಳಗೆ! “ಏನ್ ಕಾಲೇಜು, ಹೊಸದೇನಾದ್ರೂ ಹುಟ್ಟಿತಾ?” ಎಂದು ಬೆಳಗಾದರೆ ಹಲ್ಲು ಕಿರಿಯುವವನ ಕೈಕೆಳಗೆ! ಅವಳು ಮದುವೆಯಾಗಿ ಬಂದ ಹೊಸತರಲ್ಲಿ, “ರಟ್ಟಿಗೆ ಗೋಂದು ಹಚ್ಚೋಕೆ ಕಾಲೇಜು ಯಾಕಮ್ಮಾ ಬೇಕಿತ್ತು?” ಎಂದು ಕೆಲಸದವರ ಮುಂದೆ ನಗಾಡಿ ಆ ಹೆಸರನ್ನು ಅಂಟಿಸಿದ್ದೂ ಅವನೇ. ಇಷ್ಟು ದಿನ ಅವಳು ಕೆಲಸದವರ ಮೇಲೆ, ಗಂಡನ ಬಾಯಿಯ ಮೇಲೆ, ಕೊನೆಗೆ ತನ್ನ ಮೇಲೇ ಅನುಮಾನಪಟ್ಟಿದ್ದಳು. ಈಗ ಹೊಟ್ಟೆಯೊಳಗಿನ ಕಿಚ್ಚಿಗೆ ಒಂದು ವಿಳಾಸ ಸಿಕ್ಕಿತು.

ಬೀಗ ಹಾಕಬಹುದಿತ್ತು. ರದ್ದಿಯನ್ನು ಸುಡಬಹುದಿತ್ತು. ಅವಳು ಎರಡೂ ಮಾಡಲಿಲ್ಲ.

ರಟ್ಟಿಗೂ ಬಟ್ಟೆಯ ಹಾಗೆ ಎಳೆಯಿರುತ್ತದೆ. ಎಳೆಯ ಉದ್ದಕ್ಕೆ ಬಿಗಿ, ಅಡ್ಡಕ್ಕೆ ಮೆದು. ಗೋಂದು ಹಚ್ಚಿದ ಡಬ್ಬದಲ್ಲಿ ಎಳೆ ಹೇಗಿದ್ದರೂ ನಡೆದುಹೋಗುತ್ತದೆ. ಗೋಂದಿಲ್ಲದೆ, ಒಂದು ಮಡಿಕೆಯ ನಾಲಗೆಯನ್ನು ಇನ್ನೊಂದರ ಸೀಳಿಗೆ ಸಿಕ್ಕಿಸಿ ನಿಲ್ಲಿಸುವ ಡಬ್ಬಕ್ಕೆ ಮಾತ್ರ ಎಳೆಯೇ ಜೀವ. ಒಣಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಫ್ರಿಜ್ಜಿನ ತೇವ ಕುಡಿದ ಮೇಲೆ, ಅಡ್ಡ ಎಳೆಯ ನಾಲಗೆ ಬಾಡಿದ ಎಲೆಯಂತೆ ಜೋತುಬೀಳುತ್ತದೆ. ಇದು ಅವಳಿಗೆ ಗೊತ್ತಿತ್ತು, ಏಕೆಂದರೆ ಮಾಡಿದ ಪ್ರತಿ ಡಬ್ಬವನ್ನೂ ಮನೆಯ ಫ್ರಿಜ್ಜಿನಲ್ಲಿ ಇಟ್ಟು ನೋಡುವುದು ಅವಳ ಪದ್ಧತಿ. “ಹಾಲಿಡೋಕೆ ಜಾಗ ಇಲ್ಲ, ರಟ್ಟಿಗೆ ತಂಪು ಸೇವೆ” ಎಂದು ಗಂಡ ಗೊಣಗುತ್ತಿದ್ದ. ಭಾವ ಯಾವುದನ್ನೂ ಪರೀಕ್ಷಿಸಿದವನಲ್ಲ. ಅವನ ಪಾಲಿನ ಪರೀಕ್ಷೆಯನ್ನೂ ಅವಳೇ ಮಾಡಿಕೊಡುತ್ತಿದ್ದಳಲ್ಲ!

ಮಾರನೆಯ ದಿನ ಅವಳು ಒಂದು ಡಬ್ಬ ಕತ್ತರಿಸಲು ಕುಳಿತಳು. ಬೀಳಲೆಂದೇ ಮಾಡುವ ಡಬ್ಬ. ಆದ್ದರಿಂದ ಕೆಡುವ ಭಯವಿರಲಿಲ್ಲ. ಯಾವಾಗಲೂ ‘ಇದು ನಿಂತೀತೇ, ಅವರು ನಕ್ಕರೆ, ರಟ್ಟು ದಂಡವಾದರೆ’ ಎಂದು ಹತ್ತು ಸಲ ಅಳೆಯುವವಳು ಅಂದು ಪೆನ್ಸಿಲ್ ಹೋದತ್ತ ಕತ್ತರಿ ಓಡಿಸಿದಳು. ತಳದಿಂದ ನಾಲ್ಕು ಗೋಡೆಗಳು ಮೇಲೆದ್ದು ತುದಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು, ಅಲ್ಲಿಯೇ ಹಿಡಿಯಾಗುತ್ತಿದ್ದವು. ಹಿಡಿಯ ನಾಲಗೆ ಎಳೆದರೆ ಸಾಕು, ನಾಲ್ಕೂ ಗೋಡೆ ಹೂವಿನ ಎಸಳಿನಂತೆ ಹೊರಕ್ಕೆ ಬಿದ್ದು, ಕೇಕು ನಡುವೆ ರಾಜನ ಹಾಗೆ ನಿಲ್ಲುತ್ತಿತ್ತು. ಕೈ ತೂರಿಸಿ ಕೆನೆ ಕೆಡಿಸಿಕೊಂಡು ಎತ್ತುವ ಗೋಳೇ ಇಲ್ಲ. ಇಡೀ ಭಾರ ಮಾತ್ರ ಆ ಒಂದು ನಾಲಗೆಯ ಮೇಲೆ. ಅದನ್ನು ಅವಳು ಎಳೆಗೆ ಅಡ್ಡವಾಗಿ ಕತ್ತರಿಸಿದಳು. ಹಾಗೆ ಅಡ್ಡ ಹಾಕಿದರೆ ಒಂದು ಹಾಳೆಯಲ್ಲಿ ಹೆಚ್ಚು ಡಬ್ಬ ಹಿಡಿಯುತ್ತವೆ. ಹಾಳೆ ಉಳಿಸುವುದರಲ್ಲಿ ಭಾವ ಎತ್ತಿದ ಕೈ.

ಸಂಜೆ ಅದನ್ನು ಸ್ವಲ್ಪವೇ ಮುದುಡಿ, ಎರಡು ತುಂಡುಗಳ ಅಡಿಯಲ್ಲಿಟ್ಟು ಬಂದಳು. ತೀರಾ ಮೇಲೆಯೇ ಇಟ್ಟರೆ ಅನುಮಾನ ಬಂದೀತು. ರಾತ್ರಿ ಮುಚ್ಚಳ ಕಿರ್ರೆಂದಾಗ, ತುಂಬ ದಿನಗಳ ಮೇಲೆ, ನೆಮ್ಮದಿಯಿಂದ ನಿದ್ದೆ ಹೋದಳು.

ವಾರ ಕಳೆಯುವಷ್ಟರಲ್ಲಿ ಪ್ಲೈವುಡ್ಡಿನಾಚೆ ದೊಡ್ಡ ಯಂತ್ರ ಬಿಡುವಿಲ್ಲದೆ ಕಚಕಚ ಅನ್ನತೊಡಗಿತು. “ಅಣ್ಣ ಭಾರಿ ಏನೋ ಹಚ್ಚಿದಾನೆ ಕಣೇ. ಬೇಕರಿಯವರು ಇವತ್ತು ಸಂಜೆನೇ ಅಂಗಡಿಯಲ್ಲಿ ಇಡ್ತಾರಂತೆ, ನಾಳೆಯಿಂದ ಮಾರಾಟ” ಎಂದ ಗಂಡ. ಅವಳು ಗೋಂದಿನ ಕುಂಚ ತೊಳೆಯುತ್ತಾ “ಹೌದಾ” ಎಂದಳು.

ಮಾರನೆಯ ಬೆಳಿಗ್ಗೆ ಬ್ರೆಡ್ಡಿನ ನೆಪ ಹೇಳಿ ಬೇಕರಿಗೆ ಹೋದಳು. ಗಾಜಿನ ತಂಪು ಬೀರುವಿನಲ್ಲಿ ಅವಳ ಡಬ್ಬಗಳು ರಾತ್ರಿಯಿಡೀ ಕೇಕು ಹೊತ್ತು ಸಾಲಾಗಿ ಕುಳಿತಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ ಒಂದು ಕ್ಷಣ ತಾನು ಬಂದ ಕೆಲಸವೇ ಮರೆತುಹೋಯಿತು. ಪಕ್ಕದಲ್ಲೇ ಭಾವ, ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು.

“ಏನ್ ಕಾಲೇಜು, ನೋಡಿ ಕಲಿಯೋಣ ಅಂತ ಬಂದ್ಯಾ?”

“ಬ್ರೆಡ್ ತಗೊಳ್ಳೋಕೆ ಭಾವ.”

“ನೋಡು ನೋಡು, ದುಡ್ಡೇನಿಲ್ಲ. ಬಿಸಿನೆಸ್ ಅಂದ್ರೆ ಧೈರ್ಯ ಬೇಕು ಕಣಮ್ಮಾ. ಪುಸ್ತಕದಲ್ಲಿ ಸಿಗಲ್ಲ ಅದು.” ಸಾಲಿನಲ್ಲಿದ್ದ ಗಿರಾಕಿಗಳತ್ತ ತಿರುಗಿ, “ರಾತ್ರಿಯೆಲ್ಲ ನಿದ್ದೆಗೆಟ್ಟು ತೆಗೆದ ಐಡಿಯಾ ಇದು” ಎಂದ.

ನಿದ್ದೆಗೆಟ್ಟಿದ್ದಂತೂ ನಿಜ, ಎಂದುಕೊಂಡಳು.

ಬೇಕರಿಯಮ್ಮ ತಾನೇ ಒಂದು ಡಬ್ಬವನ್ನು ಹಿಡಿ ಹಿಡಿದು ಹೊರತೆಗೆದಳು. “ನೋಡಿ ಇವ್ರೇ, ಹೊಸಾ ನಮೂನೆ. ಎತ್ತೋದು, ಒಯ್ಯೋದು, ಎಳೆದ್ರೆ...” ಎನ್ನುತ್ತಾ ಗಲ್ಲಾ ಮೇಜಿನ ಮೇಲಿಂದ ಭಾವನತ್ತ ಚಾಚಿದಳು. ಯಾರೂ ಏನನ್ನೂ ಎಳೆಯಲಿಲ್ಲ. ನಾಲಗೆ ತಾನಾಗಿಯೇ ಜಾರಿತು. ನಾಲ್ಕು ಗೋಡೆಗಳು ಅಂದವಾಗಿ ಬಿಚ್ಚಿಕೊಂಡವು. ಕೆನೆ ಮೆತ್ತಿದ ಕೇಕು ಭಾವನ ಬೂಟುಗಳ ಮೇಲೆ ಪಚಕ್ಕೆಂದು ಕುಳಿತಿತು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಎಳೆಯದೇನೇ ಬಿಚ್ಚಿಕೊಳ್ತು ನೋಡಿ, ಇದೂ ಹೊಸ ನಮೂನೆನೇ ಇರ್ಬೇಕು!”

“ಒಂದು ಹಾಳಾಗಿರುತ್ತೆ, ಇನ್ನೊಂದು ತೆಗೀರಿ” ಎಂದ ಭಾವ. ಇನ್ನೊಂದೂ ಬಿತ್ತು. ಮೂರನೆಯದನ್ನು ಬೇಕರಿಯಮ್ಮ ಬೀರುವಿನೊಳಗೇ ಒಂದು ಚೂರು ಎತ್ತಿ ನೋಡಿ, ತುಟಿ ಕಚ್ಚಿ, ಹಾಗೆಯೇ ಇಟ್ಟಳು. “ನಿಮ್ಮ ಧೈರ್ಯ ನೀವೇ ಇಟ್ಕೊಳ್ಳಿ ಸ್ವಾಮಿ. ಇವತ್ತೇ ಎಲ್ಲ ವಾಪಸ್ ಒಯ್ಯಿರಿ. ನನ್ನ ಕೇಕು ನಾನು ಹೇಗೋ ನೋಡ್ಕೊಳ್ತೀನಿ.”

ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು. ನೆಲದಿಂದ ಡಬ್ಬ ಎತ್ತಿಕೊಂಡು ನಾಲಗೆಯನ್ನು ಕಿತ್ತು, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಗ್ಗಿಸಿದ. ಎಷ್ಟಾದರೂ ರಟ್ಟಿನಲ್ಲಿ ಬೆಳೆದ ಕೈ. ಬಗ್ಗಿಸುತ್ತಿದ್ದ ಬೆರಳು ನಿಂತಿತು. ನಿಧಾನವಾಗಿ ತಲೆಯೆತ್ತಿ ಅವಳನ್ನು ನೋಡಿದ.

ಅವಳು ಕಣ್ಣು ತಗ್ಗಿಸಲಿಲ್ಲ.

“ಇದು... ಇವಳು...” ಎಂದು ಬಾಯಿ ತೆರೆದ.

“ಏನು ಭಾವ?” ಎಂದಳು, ಬೆಣ್ಣೆಯಷ್ಟು ಮೆತ್ತಗೆ. “ಹೇಳಿ. ಎಲ್ಲರೂ ಕೇಳ್ತಿದಾರೆ.”

ಏನೆಂದು ಹೇಳಿಯಾನು? ಇವಳ ರದ್ದಿ ಪೀಪಾಯಿಯಿಂದ ಕದ್ದೆ ಎಂದೇ? ಕೆನೆ ಮೆತ್ತಿದ ಬೂಟಿನಲ್ಲಿ ನೆಲದ ಮೇಲೆ ಬಿಳಿ ಗುರುತು ಮೂಡಿಸುತ್ತಾ ಭಾವ ಹೊರಗೆ ಹೋದ. ಅವಳು ಪ್ರತಿಯೊಂದು ಗುರುತನ್ನೂ ಬಾಗಿಲವರೆಗೆ ಕಣ್ತುಂಬ ನೋಡಿದಳು. ಅಯ್ಯೋ ಎನ್ನಿಸಲಿಲ್ಲ. ಇಷ್ಟು ವರ್ಷದ ‘ಕಾಲೇಜು’ ಅಷ್ಟೂ ಆ ಬೂಟಿಗೆ ಮೆತ್ತಿಕೊಂಡು ಹೋದಂತಾಯಿತು.

ಬ್ರೆಡ್ಡಿನ ಚೀಲ ಕೊಡುತ್ತಾ ಬೇಕರಿಯಮ್ಮ ದನಿ ತಗ್ಗಿಸಿದಳು. “ಬೀಳೋದೇನೋ ಬಿತ್ತು ಕಣಮ್ಮಾ, ಆದ್ರೆ ಬಿಚ್ಚಿಕೊಳ್ಳೋ ಚೆಂದ ನೋಡಿದ್ಯಾ? ನಿನ್ನೆ ಸಂಜೆ ಜನ ಗಾಜಿಗೆ ಮೂಗು ಒತ್ಕೊಂಡು ನಿಂತಿದ್ರು. ಬೀಳದ ಹಾಗೆ ನಿನ್ನ ಕೈಲಿ ಮಾಡೋಕಾಗುತ್ತಾ?”

ಹಾಳೆಯನ್ನು ತಿರುಗಿಸಿ ಹಾಕಿದರೆ ಮುಗಿಯಿತು. “ಕಷ್ಟ ಇದೆ ಅಮ್ಮಾ. ಒಂದು ವಾರ ಕೊಡಿ, ನೋಡ್ತೀನಿ” ಎಂದಳು.

“ನೋಡು. ಆಯ್ತು ಅಂದ್ರೆ ವರ್ಷದ ಆರ್ಡರು ನಿಂದೇ. ಏನೇ ಆಗ್ಲಿ, ತಲೆ ಮಾತ್ರ ನಿಮ್ಮ ಭಾವಂದು, ಒಪ್ಪಬೇಕು. ಇಂಥದ್ದು ಹೊಳೆಯೋಕೆ ಗುಂಡಿಗೆ ಬೇಕು. ನೀನು ಅಚ್ಚುಕಟ್ಟು ಕೆಲಸದವಳು, ರಿಪೇರಿ ಮಾಡ್ಕೊಡು ಸಾಕು.”

ಜೀವನದಲ್ಲಿ ಮೊದಲ ಸಲ ಅವಳು ಹೆದರದೆ ಕತ್ತರಿಸಿದ್ದು ಆ ಒಂದು ಡಬ್ಬ. ಅದು ನನ್ನದು ಎಂದರೆ, ಅದನ್ನು ಬೀಳಿಸಿದ್ದೂ ನಾನೇ ಎನ್ನಬೇಕು. ಅಂಗಡಿಯ ಹುಡುಗಿ ನೆಲ ಒರೆಸುತ್ತಿದ್ದಳು. ಇವಳು ಬ್ರೆಡ್ಡಿನ ಚೀಲವನ್ನು ಎದೆಗವಚಿಕೊಂಡು ಹೊರಟಳು.

ವಾರದ ಮೇಲೆ ಆರ್ಡರು ಬಂತು. ಪ್ಲೈವುಡ್ ಗೋಡೆ ಇದ್ದಲ್ಲೇ ಇತ್ತು. ಗಂಡ ಹೊಸ ಡಬ್ಬವೊಂದನ್ನು ಅಂಗೈ ಮೇಲಿಟ್ಟು ನಾಲಗೆ ಎಳೆದ, ಮತ್ತೆ ಮಡಿಸಿ ಎಳೆದ. ಆಟಿಕೆ ಸಿಕ್ಕವನಂತೆ ನಗುತ್ತಿದ್ದ.

“ನಿನ್ನ ಕೈಗುಣ ದೊಡ್ಡದು ಕಣೇ. ಆದ್ರೂ ಅಣ್ಣನ ತಲೆ ನೋಡು! ಪಾಪ, ಈಗ ಮಾತೇ ಆಡಲ್ಲ. ಒಂದು ಮಾತು, ನಿಮ್ಮಿಂದಾನೇ ಆಯ್ತು ಅಂತ ಹೇಳಿ ಬರೋಣ್ವಾ?”

ಅವಳು ಕತ್ತರಿ ಕೆಳಗಿಟ್ಟಳು. ಗೋಡೆಯಾಚೆ ದೊಡ್ಡ ಯಂತ್ರ ನಿಂತಿತ್ತು. ಅಲ್ಲಿ ಒಬ್ಬನಿಗೆ ಎಲ್ಲವೂ ಗೊತ್ತು, ಅವನು ಸಾಯುವವರೆಗೂ ತುಟಿ ಬಿಚ್ಚಲಾರ. ಅವನು ಬಿಚ್ಚದ ಬಾಯಿಯನ್ನು ತಾನು ಯಾಕೆ ಬಿಚ್ಚಬೇಕು? ಊರು ಬೇಕಾದರೆ ಅದನ್ನು ಅವನ ಡಬ್ಬವೆಂದೇ ಕರೆಯಲಿ. ಕರೆದಾಗಲೆಲ್ಲ ಅವನಿಗೆ ಬೂಟು ನೆನಪಾಗುತ್ತದೆ.

“ಹೋಗಲಿ ಬಿಡಿ” ಎಂದಳು ಗಂಡನಿಗೆ.

ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಹಾಳೆಯನ್ನು ಎಳೆಯ ಉದ್ದಕ್ಕೆ ತಿರುಗಿಸಿಡುತ್ತಾ, ತೀರ್ಮಾನಿಸಿದಳು.