ಸದರಿಯವರ ಸಮ್ಮತಿ

ಗೋಡೆ ಇಷ್ಟೊಂದು ಬೆಳ್ಳಗಿರಬಾರದಿತ್ತು, ಸುಣ್ಣದ ವಾಸನೆ ಇನ್ನೂ ಹಸಿಹಸಿ, ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಕಾಳಮ್ಮ, ಬೆನ್ನು ಗೋಡೆಗೆ ಆನಿಸಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು — ನೆಟ್ಟಗೆ ಕೂತ್ಕೊ ಅಜ್ಜಿ, ತಲೆ ವಾಲಿಸ್ಬೇಡ, ಎಂದು ಕಂಪ್ಯೂಟರಿನ ಹಿಂದಿನಿಂದ ಸೇವಾ ಕೇಂದ್ರದ ಹುಡುಗಿ ಕಾವ್ಯಶ್ರೀ ಗದರುತ್ತಿದ್ದಾಳೆ — ತಲೆ ವಾಲಬಾರದು ಅಂತಲೇ ಅಲ್ಲವೆ ಅವತ್ತು ಅಮ್ಮನ ಗದ್ದಕ್ಕೆ ಬಿಳಿ ಪಂಚೆಯ ಪಟ್ಟಿ ಕಟ್ಟಿ ಗೋಡೆಯ ಮೊಳೆಗೆ ಬಿಗಿದದ್ದು, ಬೇಡ, ಅದು ಈಗ ಬೇಡ, ಬೆಳಗಿನ ಹೊತ್ತು, ಸುಂಟಿಕೊಪ್ಪದ ಪೇಟೆ, ಹೊರಗೆ ಮಡಿಕೇರಿ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮಂಜಿನಲ್ಲಿ ಬಸ್ಸು ಕಾಣುವುದಿಲ್ಲ, ಹಾರ್ನ್ ಮಾತ್ರ ರಸ್ತೆಯ ಮೇಲೆ ನಡೆದುಹೋಗುತ್ತಿದೆ. ಬಾಗಿಲಲ್ಲಿ ನಿಂತವರು ಪಿಸುಗುಡುತ್ತಾರೆ, ವಿನುತಾ ಮೇಡಂ ಅಲ್ವ ಇವ್ರು, ಎಮ್ಮೆಲ್ಸಿ, ಹೌದಮ್ಮ ನಾನೇ, ವಿಧಾನ ಪರಿಷತ್ತಿನ ಮಾನ್ಯ ಸದಸ್ಯೆ, ಸದನದಲ್ಲಿ ಬಾಯಿ ಮುಚ್ಚಿಸಲಾಗದವಳು ಎಂದು ಹೆಸರು ತೆಗೆದುಕೊಂಡವಳು, ಒಬ್ಬ ಮುದುಕಿ ಬದುಕಿದ್ದಾಳೆಂದು ಒಂದು ಕ್ಯಾಮೆರಾವನ್ನು ಒಪ್ಪಿಸಲಾರದೆ ಈ ಸೇವಾ ಕೇಂದ್ರದಲ್ಲಿ ಪೆಚ್ಚಾಗಿ ನಿಂತಿದ್ದೇನೆ. ಕಾಳಮ್ಮನ ಪಿಂಚಣಿ ನಿಂತಿದೆ, ಬೆರಳು ಒತ್ತಿದರೆ ಗೆರೆ ಸಿಗುವುದಿಲ್ಲ, ಎಸ್ಟೇಟಿನಲ್ಲಿ ಜೀವಮಾನವೆಲ್ಲ ಪಿಕ್ಕಿಂಗ್ ಮಾಡಿ ಗೆರೆಗಳೆಲ್ಲ ಕಾಫಿ ಗಿಡದ ಪಾಲಾದವು, ಮುಖವನ್ನಾದರೂ ತೋರಿಸು ಎಂದರೆ ಆಪರೇಷನ್ ಆದ ಕಣ್ಣು ಸರಿಯಾಗಿ ಮಿಟುಕುವುದಿಲ್ಲ, ಯಂತ್ರಕ್ಕೆ ಮಿಟುಕಬೇಕು, ಮಿಟುಕಿದವರು ಮಾತ್ರ ಜೀವಂತ. ನಾ ಬದುಕಿವ್ನಿ ಅಂತ ಈ ಮಿಶನ್ನಿಗೆ ಯಾರವ್ವ ಯೋಳೋರು, ನೀವಾರಾ ಒಸಿ ಯೋಳಿ — ಹೇಳುತ್ತೇನೆ ಕಾಳಮ್ಮ, ನಾಳೆ ಸದನದಲ್ಲಿ ನಿಂತು ಹೇಳುತ್ತೇನೆ, ಸಂಜೆಗೆ ಬೆಂಗಳೂರಿಗೆ ಹೊರಡಬೇಕು.

ಬದುಕಿದವಳಿಗೆ ಇಲ್ಲ ಎನ್ನುವ ಇದೇ ವ್ಯವಸ್ಥೆ ಸತ್ತವಳಿಗೆ ಹೌದು ಎಂದಿತ್ತಲ್ಲ, ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಅಮ್ಮ ತೀರಿಕೊಂಡು, ವರ್ಷದ ಕಾರ್ಯವೂ ಮುಗಿದ ಮೇಲೆ, ಒಂದು ಮಧ್ಯಾಹ್ನ ನನ್ನ ಫೋನಿಗೆ ಸಂದೇಶ, ಸುಲೋಚನಮ್ಮ ಕೋಂ ಪರಮೇಶಪ್ಪ, ತಮ್ಮ ಮುಖ ದೃಢೀಕರಣ ಯಶಸ್ವಿಯಾಗಿದೆ, ತಾವು ಜೀವಂತವಿರುವುದನ್ನು ದಾಖಲಿಸಲಾಗಿದೆ, ಧನ್ಯವಾದಗಳು. ಅಪ್ಪ ಮೇಷ್ಟ್ರಾಗಿದ್ದರು, ಅವರು ಹೋದ ಮೇಲೆ ಅಮ್ಮನಿಗೆ ಪಿಂಚಣಿ ಬರುತ್ತಿತ್ತು, ಅಮ್ಮ ಫೋನ್ ಇಟ್ಟುಕೊಂಡವಳಲ್ಲ, ಹಾಗಾಗಿ ಎಲ್ಲದಕ್ಕೂ ನನ್ನದೇ ನಂಬರು. ಏನೋ ತಪ್ಪಾಗಿ ಬಂದಿದೆ ಎಂದುಕೊಂಡೆ. ಕೆಲವು ತಿಂಗಳ ಮೇಲೆ ಮತ್ತೆ ಬಂತು. ಮತ್ತೆ. ಯಾರೋ ಎಲ್ಲೋ ಅಮ್ಮನ ಮುಖ ಹಾಕಿಕೊಂಡು ಕ್ಯಾಮೆರಾದ ಮುಂದೆ ಕೂತು ಕಣ್ಣು ಮಿಟುಕಿಸುತ್ತಿದ್ದಾರೆ, ಅನ್ನ ಕಲಸುವಾಗ ಈ ಯೋಚನೆ ಬಂದರೆ ಕೈ ಅಲ್ಲೇ ನಿಲ್ಲುತ್ತಿತ್ತು. ನನ್ನ ಪಿಎ ಲೋಹಿತ್, ಚುರುಕು ಹುಡುಗ, ಮರಣ ಪ್ರಮಾಣ ಪತ್ರ ಆಫೀಸಿಗೆ ಕೊಟ್ಟಿದೀನಿ ಮೇಡಂ, ಅವ್ರು ಕಂಪ್ಯೂಟ್ರಿಗೆ ಏರ್ಸಿಲ್ಲ ಅಷ್ಟೆ, ಎಂದ. ಪ್ರಶ್ನೆ ಹಾಕಿಬಿಟ್ಟೆ, ಚುಕ್ಕೆ ಗುರುತಿನ ಪ್ರಶ್ನೆ, ಸಚಿವರು ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕಾದದ್ದು — (ಅ) ಮೃತಪಟ್ಟವರ ಹೆಸರಿನಲ್ಲಿ ಮುಖ ದೃಢೀಕರಣ ನಡೆಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು, (ಇ) ಶಿರಂಗಾಲದ ದಿವಂಗತ ಸುಲೋಚನಮ್ಮನವರ ಹೆಸರಿನಲ್ಲಿ ಮುಖ ತೋರಿಸುತ್ತಿರುವವರು ಯಾರು. ನಿನ್ನೆ ಉತ್ತರದ ಪ್ರತಿ ಕೈಗೆ ಬಂತು. ಬಂದಿರುವುದಿಲ್ಲ. ಉದ್ಭವಿಸುವುದಿಲ್ಲ. ಮೂರನೆಯದಕ್ಕೆ ಮಾತ್ರ ಯಾರೋ ಶ್ರದ್ಧೆಯಿಂದ ಬರೆದಿದ್ದರು, ಸದರಿ ಮಾಹಿತಿಯು ಜೀವಂತ ವ್ಯಕ್ತಿಯೊಬ್ಬರ ಖಾಸಗಿ ದತ್ತಾಂಶವಾಗಿದ್ದು, ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ ಸದರಿಯವರ ಸಮ್ಮತಿಯಿಲ್ಲದೆ ಒದಗಿಸಲು ಅವಕಾಶವಿರುವುದಿಲ್ಲ. ಓದಿ ನಕ್ಕೆ, ಸದರಿಯವರ ಸಮ್ಮತಿ ಬೇಕೆಂದರೆ ನಮ್ಮ ಹೊಲದ ಮೂಲೆಗೆ ಹೋಗಿ ಮಣ್ಣು ಬಗೆಯಬೇಕಲ್ಲ ಸ್ವಾಮಿ, ಆಮೇಲೆ ಆ ಸಾಲನ್ನೇ ಮತ್ತೆ ಓದಿದೆ, ಜೀವಂತ ವ್ಯಕ್ತಿ ಅಂದರೆ ಯಾರು, ಕಾಯ್ದೆ ಈಗ ಕಾಯುತ್ತಿರುವುದು ಯಾರನ್ನು. ಆ ಕಾಯ್ದೆ ಬೇಕೇ ಬೇಕು, ನಮ್ಮ ಮುಖ ನಮ್ಮದು, ನಮ್ಮ ಬೆರಳು ನಮ್ಮದು, ಎಂದು ಕುಶಾಲನಗರದ ಸಭೆಯಲ್ಲಿ ಮೇಜು ಕುಟ್ಟಿ ಭಾಷಣ ಮಾಡಿದವಳೂ ನಾನೇ. ಇರಲಿ, ನಾಳೆ ಉಪಪ್ರಶ್ನೆಗೆ ಅವಕಾಶವಿದೆ, ಸಭಾಪತಿಗಳೇ, ನನ್ನ ತಾಯಿಯ ಮುಖ ಕದ್ದ ಕಳ್ಳ ಯಾರೆಂದು ಸಚಿವರು ಹೇಳಲಿ, ಅದರ ಬೆನ್ನಿಗೇ ಕಾಳಮ್ಮನ ವಿಷಯ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ, ಕಳ್ಳ ಎನ್ನುವಾಗ ಸ್ವರ ಎಷ್ಟು ಏರಬೇಕು ಎಂಬುದನ್ನೂ.

ಮತ್ತೆ ಆಗಲಿಲ್ಲ, ಅಜ್ಜಿ ಎಡಗಣ್ಣು, ಎಡಗಣ್ಣು ಮುಚ್ಚು, ಎನ್ನುತ್ತಿದ್ದಾಳೆ ಕಾವ್ಯಶ್ರೀ, ಎಡಗಣ್ಣು, ಅಮ್ಮನದೂ ಅದೇ, ಉಸಿರು ನಿಂತಾಗ ನಾನೇ ಅಂಗೈಯಿಂದ ಕಣ್ಣು ಮುಚ್ಚಿದೆ, ಬಲಗಣ್ಣು ಮುಚ್ಚಿಕೊಂಡಿತು, ಎಡಗಣ್ಣು ನನ್ನ ಅಂಗೈಯ ಕೆಳಗೇ ಮೆಲ್ಲಗೆ ತೆರೆಯಿತು, ರೆಪ್ಪೆಯ ಕೂದಲು ಚರ್ಮಕ್ಕೆ ತಾಗಿದ್ದು ಈಗಲೂ ಗೊತ್ತಾಗುತ್ತದೆ, ಬೆರಳ ತುದಿಯಿಂದ ಒತ್ತಿ ಹಿಡಿದೆ, ಬಿಟ್ಟೆ, ತೆರೆಯಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ, ಮೀಯಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು, ನಡುಮನೆಯ ಗೋಡೆಗೆ ಆನಿಸಿ, ತಲೆ ವಾಲದ ಹಾಗೆ ಬಟ್ಟೆ ಕಟ್ಟಿ, ಬಂದವರೆಲ್ಲ ಎದುರಿಗೆ ಕೂತು ನೋಡುತ್ತಾರೆ, ಸತ್ತವರೂ ನೋಡುತ್ತಾರೆ. ಅಮ್ಮ ನಿಜಕ್ಕೂ ನೋಡುತ್ತಿದ್ದಳು, ಒಂದು ಕಣ್ಣಿನಲ್ಲಿ, ನಾನು ಒಲೆಯ ಹತ್ತಿರ ಹೋದರೆ ಅಲ್ಲಿಗೆ, ಬಾಗಿಲಿಗೆ ಬಂದರೆ ಬಾಗಿಲಿಗೆ. ಯಾರ್ನೋ ಕಾಯ್ತಿದಾಳೆ ಕಣೆ, ಎಂದಳು ಚಿಕ್ಕಮ್ಮ, ಯಾರನ್ನು ಕಾಯುತ್ತಾಳೆ, ಬರಬೇಕಾದವರೆಲ್ಲ ಬಂದಿದ್ದರು, ಮಗಳು ನಾನೊಬ್ಬಳೇ, ನಾನು ಅಲ್ಲೇ ಇದ್ದೆ. ಗುಂಡಿಯೊಳಗೆ ಕೂರಿಸಿದಾಗಲೂ ಬಗ್ಗಿ ನೋಡಿದೆ, ಮೇಲೆ ಆಕಾಶ, ಅಂಚಿನಲ್ಲಿ ನಾನು, ಕೆಳಗೆ ಆ ಕಣ್ಣು, ಮೇಲಿಂದ ಮೊದಲ ಹಿಡಿ ವಿಭೂತಿ ಬಿದ್ದಾಗ ಅದು ಮುಚ್ಚಿಕೊಂಡಿತೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಮುಚ್ಚಿದ್ದನ್ನು ನಾನು ನೋಡಲಿಲ್ಲ. ಅವಳು ಅಲ್ಲಿ ಈಗಲೂ ಕೂತೇ ಇದ್ದಾಳೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಶುಂಠಿ ಹೊಲದ ಪಕ್ಕದಲ್ಲಿ.

ಮೇಡಂ, ಸಿಸ್ಟಮ್ ಹ್ಯಾಂಗಾಯ್ತು, ನಿಮ್ ಫೋನಲ್ಲಿ ಮುಖ ತೋರ್ಸೋ ಆ್ಯಪ್ ಉಂಟಾ ನೋಡ್ತೀನಿ, ಅದ್ರಲ್ಲಿ ಟ್ರೈ ಮಾಡುವ, ಎಂದು ಕಾವ್ಯಶ್ರೀ ಕೈಚಾಚಿದಳು, ಕೊಟ್ಟೆ, ಓ ಇದೆ ಮೇಡಂ, ಎಂದಳು, ಇರಬಹುದು, ಅಮ್ಮ ಇದ್ದಾಗ ಕುಶಾಲನಗರದ ಆಫೀಸಿಗೆ ಅಲೆಯುವುದು ತಪ್ಪಲಿ ಎಂದು ಲೋಹಿತ್ ಏನೇನೋ ಹಾಕಿಕೊಟ್ಟಿದ್ದ, ನನ್ನ ಫೋನಿನಲ್ಲಿ ಏನಿದೆ ಏನಿಲ್ಲ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಕಾಳಮ್ಮ ಕುರ್ಚಿಯಿಂದ ಎದ್ದುಬಿಟ್ಟಳು, ನಂಗೆ ದಿಗಿಲಾಯ್ತದೆ ಕಣವ್ವ, ನೀವ್ ಮೊದ್ಲು ಕೂತು ತೋರ್ಸಿ, ಎಂದಳು. ಭಯ ಏತಕ್ಕೆ ಕಾಳಮ್ಮ, ನೋಡು ಹೀಗೆ, ಎಂದು ನಾನೇ ಕುರ್ಚಿಯಲ್ಲಿ ಕೂತೆ, ಬೆನ್ನು ಗೋಡೆಗೆ ತಾಗಿತು, ಗೋಡೆ ತಣ್ಣಗಿತ್ತು, ಕೈಗಳು ತಾವಾಗಿ ತೊಡೆಯ ಮೇಲೆ ಬಂದವು, ಎಡಗೈ ಮಾತ್ರ ಏನನ್ನೋ ಹಿಡಿದುಕೊಳ್ಳುವಂತೆ ಮೇಲ್ಮುಖವಾಗಿತ್ತು, ಅದನ್ನು ತಿರುಗಿಸಿಟ್ಟುಕೊಂಡೆ. ಫೋನಿನಲ್ಲಿ ಮೊಟ್ಟೆಯಾಕಾರದ ಒಂದು ಗೆರೆ, ಅದರೊಳಗೆ ನನ್ನ ಮುಖ, ಕಣ್ಣು ಮಿಟುಕಿಸಿ ಎಂಬ ಅಕ್ಷರ, ಮಿಟುಕಿಸಿದೆ, ಗೆರೆ ಹಸಿರಾಯಿತು, ಟಿಣ್ ಎಂದು ಗಂಟೆಯ ಸದ್ದು. ನೋಡಿದ್ಯಾ ಕಾಳಮ್ಮ, ಇಷ್ಟೇ. ಕಾವ್ಯಶ್ರೀ ಮಾತ್ರ ಫೋನು ಕೆಳಗಿಳಿಸಲಿಲ್ಲ, ಮೇಡಂ, ಸುಲೋಚನಮ್ಮ ಅಂದ್ರೆ ಯಾರು, ಎಂದಳು. ಯಾರು ಎಂದರೆ. ಇಲ್ಲಿ ಹಂಗೇ ಬರ್ತಿದೆ ಮೇಡಂ, ಸುಲೋಚನಮ್ಮ ಕೋಂ ಪರಮೇಶಪ್ಪ, ಜೀವಂತ. ಫೋನು ಅವಳ ಕೈಯಲ್ಲೇ ಗುಂಯ್ ಎಂದಿತು, ಸಂದೇಶ ಬಂತು, ನನಗೆ ಬಾಯಿಪಾಠವಾದ ಅದೇ ಸಂದೇಶ, ಧನ್ಯವಾದಗಳು.

ಲೋಹಿತ್, ಎಂದು ಕೂಗಲು ಬಾಯಿ ತೆರೆದೆ, ಅವನು ಹೊರಗೆ ಕಾರಿನ ಹತ್ತಿರ ಮಂಜಿನಲ್ಲಿದ್ದಾನೆ, ಕೂಗಲಿಲ್ಲ, ಕೂಗುವ ಮೊದಲೇ ಗೊತ್ತಾಯಿತು, ಆನೆಕಾಡಿನ ತಿರುವು, ಓಡುವ ಕಾರು, ಒಂದು ಕಿವಿಯಲ್ಲಿ ಯಾರದೋ ವರ್ಗಾವಣೆಯ ಫೋನು, ಮುಂದಿನ ಸೀಟಿನಿಂದ ಲೋಹಿತ್ ನನ್ನ ಇನ್ನೊಂದು ಫೋನನ್ನು ಮುಖಕ್ಕೆ ಹಿಡಿಯುತ್ತಾನೆ, ಮೇಡಂ ಇಲ್ಲೊಂದ್ಸಲ ನೋಡಿ, ಏನೋ ವೆರಿಫಿಕೇಶನ್ ಕೇಳ್ತಿದೆ, ಮಿಟುಕ್ಸಿ, ಹಾಂ ಆಯ್ತು — ಮಾತು ನಿಲ್ಲಿಸದೆ ನೋಡಿದ್ದೇನೆ, ಮಿಟುಕಿಸಿದ್ದೇನೆ, ಏನಿದು ಎಂದು ಒಂದು ಸಲವೂ ಕೇಳಿಲ್ಲ, ಮೇಡಂದೇ ಏನೋ ಇರಬೇಕು ಎಂದು ಅವನು, ಅವನಿಗೆ ಗೊತ್ತಿರುತ್ತದೆ ಎಂದು ನಾನು. ಕಳ್ಳ ಸಿಕ್ಕಿದ. ಜೀವಂತ ವ್ಯಕ್ತಿ ಸಿಕ್ಕಿದಳು, ಕಾಯ್ದೆ ಇಷ್ಟು ದಿನ ನನ್ನಿಂದ ಕಾಪಾಡುತ್ತಿದ್ದದ್ದು ನನ್ನನ್ನೇ. ನಾಳೆ ಸಚಿವರ ಕೈಯಲ್ಲಿ ಫೋನ್ ನಂಬರಿನ ಸಮೇತ ಎಲ್ಲ ಇರುತ್ತದೆ, ಖಾಸಗಿತನದ ನೆಪ ಹೇಳಿ ನನ್ನ ಮಾನ ಉಳಿಸಿದ್ದಾರೋ ಏನೋ, ಉಪಪ್ರಶ್ನೆ ಕೇಳದೆ ಸುಮ್ಮನೆ ಕೂತರೆ ಎಲ್ಲ ಸುಮ್ಮನಾಗುತ್ತದೆ, ಕಾಳಮ್ಮನೂ ಸುಮ್ಮನಾಗುತ್ತಾಳೆ. ಕೇಳಿದರೆ ನಾಳೆ ಸಂಜೆಗೆ ಊರೆಲ್ಲ ಅದೇ ಮಾತು, ಸತ್ತ ತಾಯಿಯ ಪಿಂಚಣಿಗೆ ಮುಖ ಕೊಟ್ಟ ಸದಸ್ಯೆ, ಆ ಖಾತೆಯನ್ನು ನಾನು ಮುಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ. ಅದಕ್ಕೆ ಹೆದರಿಕೆಯಿಲ್ಲ, ಅಂದರೆ ಇದೆ, ಆದರೆ ನಿಜವಾದ ಹೆದರಿಕೆ ಬೇರೆ. ನಾನು ಅಮ್ಮನ ಹಾಗಿಲ್ಲ. ಎಲ್ಲರೂ ಹೇಳುವುದು ಇವಳು ಥೇಟು ಮೇಷ್ಟ್ರು, ಮೂಗು ಹಣೆ ಗಲ್ಲ ಎಲ್ಲ ಅಪ್ಪನದೇ, ಅಮ್ಮ ದುಂಡು ಮುಖದವಳು, ಸಣ್ಣ ಕಣ್ಣಿನವಳು, ಪಕ್ಕದಲ್ಲಿ ನಿಂತರೆ ತಾಯಿ ಮಗಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾದರೆ ಈ ಯಂತ್ರ, ಎದುರಿಗೇ ಕೂತ ಕಾಳಮ್ಮನನ್ನು ಕಾಳಮ್ಮ ಅಲ್ಲ ಎಂದದ್ದು, ನನ್ನಲ್ಲಿ ಯಾರನ್ನು ನೋಡಿ ಹೌದು ಎಂದಿತು. ಆಗ ಹಸಿರು ಗೆರೆಯೊಳಗೆ ಮಿಟುಕಿಸಿದೆನಲ್ಲ, ಎರಡು ಕಣ್ಣೂ ಒಟ್ಟಿಗೆ ಮುಚ್ಚಿದವೆ, ಎಡಗಣ್ಣು ಸ್ವಲ್ಪ ತಡವಾಯಿತು, ಇಲ್ಲ, ತಡವಾದದ್ದಲ್ಲ, ಮೊದಲೇ ತೆರೆಯಿತು.

ಮೇಡಂ, ಇಲ್ಲೇ ಕೆಳಗೆ ಮರಣ ವರದಿ ಅಂತ ಒಂದು ಬಟನ್ ಇದೆ, ಒತ್ಲಾ, ಎಂದು ಕೇಳುತ್ತಾಳೆ ಕಾವ್ಯಶ್ರೀ, ದನಿ ಈಗ ಸಣ್ಣದಾಗಿದೆ. ಒತ್ತಮ್ಮ, ಒತ್ತು, ಇಲ್ಲಿಗೆ ಮುಗಿಯಲಿ, ನಾಳೆ ಎದ್ದು ನಿಲ್ಲುತ್ತೇನೆ, ಸಭಾಪತಿಗಳೇ ಆ ಮುಖ ನನ್ನದೇ, ಯಾರು ಬೇಕಾದರೂ ನಗಲಿ, ನಗು ಮುಗಿದ ಮೇಲೆ ಕಾಳಮ್ಮ ಎಂಬುವಳು ಬದುಕಿದ್ದಾಳೆ ಎನ್ನುತ್ತೇನೆ, ಅಮ್ಮ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು. ಒತ್ತಿದಳು. ಮತ್ತೆ ಅದೇ ಗೆರೆ, ಅದರ ಕೆಳಗೆ ಅಕ್ಷರ, ಸುಲೋಚನಮ್ಮ ಅವರೇ, ತಮ್ಮ ಮರಣವನ್ನು ದಾಖಲಿಸಲು ತಮ್ಮ ಸಮ್ಮತಿ ಅಗತ್ಯ, ಕಣ್ಣು ಮುಚ್ಚಿ ತೆರೆಯಿರಿ. ಯಾವ ಪುಣ್ಯಾತ್ಮ ಇದನ್ನು ಬರೆದನೋ. ಏನವ್ವ, ನಿಮ್ ಮೊಕ ಯಾಕೆ ಇಂಗಾಯ್ತು, ಎನ್ನುತ್ತಾಳೆ ಕಾಳಮ್ಮ, ಏನಿಲ್ಲ ಎನ್ನುತ್ತೇನೆ, ಹೀಗೆ ಎಂದರೆ ಹೇಗೆ ಎಂದು ನಾನು ಕೇಳುವುದಿಲ್ಲ. ತಲೆ ನೆಟ್ಟಗಿದೆ, ಯಾರೋ ಹಿಂದಿನಿಂದ ಬಟ್ಟೆ ಕಟ್ಟಿ ಬಿಗಿದಷ್ಟು ನೆಟ್ಟಗೆ. ಅಮ್ಮ, ಕೊಟ್ಟುಬಿಡು ಸಮ್ಮತಿ, ನಿನ್ನನ್ನು ಕೂರಿಸಿಯೇ ಇಟ್ಟಿದ್ದು ಸಾಕು. ಕಣ್ಣು ಮುಚ್ಚಿದೆ. ಕತ್ತಲೆ, ಸುಣ್ಣದ ವಾಸನೆ, ಸುಣ್ಣವಲ್ಲ, ವಿಭೂತಿ, ಹಸಿ ಮಣ್ಣು, ಶುಂಠಿಯ ಬೇರು — ಆಯ್ತು ಮೇಡಂ, ತೆರೀಬಹುದು — ದನಿ ಮೇಲಿನಿಂದ ಬರುತ್ತಿದೆ, ಬಹಳ ಮೇಲಿನಿಂದ, ನಾನು ಇನ್ನೂ ತೆರೆದಿಲ್ಲ, ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದೇನೆ, ಎರಡನ್ನೂ, ರೆಪ್ಪೆಯ ಮೇಲೆ ಬೆಚ್ಚಗಿನ ಅಂಗೈ, ಒತ್ತುತ್ತಿದೆ, ಬಿಟ್ಟಿತು, ನಾನು ತೆರೆದಿಲ್ಲ, ಎಡಗಣ್ಣು ತೆರೆಯುತ್ತಿದೆ.