ಪ್ಲಾಟ್‌ಫಾರ್ಮಿನ ಮೇಲೆ ಜಲಾಲಿ ಸಾಹೇಬರು

ಯಾಕೂಬನಿಗೆ ಲೆಕ್ಕ ಬರುವುದಿಲ್ಲವೆಂದು ಯಾರೂ ಹೇಳುವಂತಿಲ್ಲ. ಎಲ್ಕ್ ಗ್ರೋವ್ ವಿಲೇಜಿನಲ್ಲಿ ಲಾರಿ ಬಿಡಿಭಾಗಗಳ ಗೋದಾಮು ನಡೆಸುವವನು; ಯಾವ ಪೆಟ್ಟಿಗೆ ಯಾವ ಊರನ್ನು ಯಾವಾಗ ಮುಟ್ಟುತ್ತದೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲ. ಅಂಥವನೇ ಆ ಶನಿವಾರ ಹೆಂಡತಿಯ ಜೀವಮಾನದ ಒಂದೇ ಒಂದು ನಾಟಕಕ್ಕೆ ಕಲ್ಲು ಹಾಕಿದ.

“ಡೆಟ್ರಾಯಿಟ್ ನಮಗಿಂತ ಒಂದು ಗಂಟೆ ಮುಂದೆ ತಾನೇ? ಹಾಗಾದ್ರೆ ನಾವು ಒಂದು ಗಂಟೆ ಲೇಟಾಗಿ ಹೊರಟ್ರೂ ನಡೆಯುತ್ತೆ,” ಎಂದ.

ಷಹನಾಜ್ ನಾಟಕದ ದುಪಟ್ಟಾ ಇಸ್ತ್ರಿ ಮಾಡುತ್ತ, ಬಾಯಲ್ಲಿ ಮಾತು ಉರು ಹೊಡೆಯುತ್ತ, ಹೂಂಗುಟ್ಟಿಬಿಟ್ಟಳು. ಬೇಗ ಹೊರಡಬೇಕಾದವರು ತಡವಾಗಿ ಹೊರಟರು. ದಾರಿ ಅಂಗೈ ಗೆರೆಯಷ್ಟು ಗೊತ್ತು ಎಂದು ಯಾಕೂಬ ಫೋನಿನ ಮ್ಯಾಪನ್ನೂ ಹಾಕಲಿಲ್ಲ.

ನಾಟಕವೆಂದರೆ ಯಾರ ನಾಟಕ! ಫರ್ಹತ್ ಜಲಾಲಿ ಸಾಹೇಬರದು. ಹರಿಹರದಲ್ಲಿ ಷಹನಾಜ್ ಹುಡುಗಿಯಾಗಿದ್ದಾಗ ಕೊಲ್ಲಿ ನಾಡಿನ ದಮ್ಮಾಮಿನಿಂದ ಬರುತ್ತಿದ್ದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಗಡಿಯಾಚೆಯ ಉರ್ದು ಧಾರಾವಾಹಿಗಳ ವಿಡಿಯೋ ಕ್ಯಾಸೆಟ್‌ಗಳಿರುತ್ತಿದ್ದವು. ಬಾಡಿಗೆ ವಿಸಿಆರ್ ಬಂದ ದಿನ ಓಣಿಯ ಹೆಂಗಸರೆಲ್ಲ ಒಲೆ ಆರಿಸಿ ಬಂದು ಕೂರುತ್ತಿದ್ದರು. ಪರದೆಯ ಮೇಲೆ ಜಲಾಲಿ ಬಂದರೆ ಮಾತು ಬಂದ್. ಅವರು ಅಳುತ್ತಿರಲಿಲ್ಲ, ಅರಚುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವ ರೀತಿಯಲ್ಲೇ ಮನೆಯಲ್ಲಿ ಸಾವಾಗಿದೆ ಎಂದು ತಿಳಿದುಬಿಡುತ್ತಿತ್ತು. ಆಮೇಲೆ ಅವರು ನಿರ್ದೇಶಕರಾದರು. ಹೊತ್ತಿಗೆ ಸರಿಯಾಗಿ ಬಾರದ ದೊಡ್ಡ ನಟನೊಬ್ಬನನ್ನು ಕಾರಿನಿಂದ ಇಳಿಯಲೂ ಬಿಡದೆ ವಾಪಸು ಕಳಿಸಿದ ಕತೆ ಕರಾಚಿಯಿಂದ ಹರಿಹರದವರೆಗೂ ಮುಟ್ಟಿತ್ತು.

ಇನ್ನೊಂದು ಕತೆಯೂ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಅವರೇ ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದರು. ದೇಶ ಒಡೆದಾಗ ಅಜ್ಜಿಯೊಂದಿಗೆ ಹೈದರಾಬಾದಿನಲ್ಲೇ ಉಳಿದ ಪುಟ್ಟ ತಂಗಿ ಎಷ್ಟೋ ವರ್ಷಗಳ ಮೇಲೆ ವೀಸಾ ಗಿಟ್ಟಿಸಿಕೊಂಡು ಲಾಹೋರಿಗೆ ಬಂದಿಳಿದಳು. ಇವರು ಶೂಟಿಂಗಿನಲ್ಲಿದ್ದರು. ಶಾಟ್ ಮುಗಿಯಲಿ, ಇನ್ನೊಂದು ಮುಗಿಯಲಿ ಎಂದು ಏಳಲಿಲ್ಲ. ಸ್ಟೇಷನ್ನಿಗೆ ಹೋದಾಗ ಆಕೆ ಕಾದು ಕೂತಿದ್ದ ಬೆಂಚು ಖಾಲಿಯಾಗಿತ್ತು. ಆಕೆ ಮುನಿಸಿಕೊಂಡು ಮರಳುವ ಗಾಡಿ ಹತ್ತಿದ್ದಳು, ಮತ್ತೆ ಬರಲೇ ಇಲ್ಲ.

ಈಗ ಎಂಬತ್ತು ದಾಟಿದ ಮೇಲೆ, ಮಗಳ ಮನೆಗೆಂದು ಮಿಷಿಗನ್‌ಗೆ ಬಂದವರು ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ಒಂದು ನಾಟಕ ಆಡುತ್ತೇನೆಂದರು. ಪ್ಲಾಟ್‌ಫಾರ್ಮಿನಲ್ಲಿ ಅಣ್ಣ ಟ್ರಂಕಿನ ಮೇಲೆ ಕೂತು ಕಾಯುತ್ತಾನೆ, ತಂಗಿ ಬರುತ್ತಾಳೆ, ಇಬ್ಬರೂ ಮಾತಾಡುತ್ತಾರೆ. ಅಷ್ಟೇ. ತಂಗಿಯ ಪಾತ್ರಕ್ಕೆ ಕವಿತೆಯಂಥ ಉರ್ದು ಆಡುವವರು ಎಷ್ಟೋ ಮಂದಿ ಝೂಮ್‌ನಲ್ಲಿ ಸಾಲುಗಟ್ಟಿದ್ದರು. ಸಾಹೇಬರು ಎಲ್ಲರಿಗೂ, ಮನೆಯ ಏನಾದರೂ ಕೆಲಸ ಮಾಡುತ್ತ ಓದಿ ಎಂದರು. ಉಳಿದವರು ಕೆಲಸ ಮಾಡಿದಂತೆ ನಟಿಸಿದರು. ಡೆಸ್ ಪ್ಲೇನ್ಸ್‌ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಷಹನಾಜ್‌ಗೆ ಅಡುಗೆ ನಿಜವಾಗಿಯೂ ಬಾಕಿ ಇತ್ತು; ಈರುಳ್ಳಿ ಹೆಚ್ಚುತ್ತ ಓದಿದಳು, ನಡುವೆ ಒಗ್ಗರಣೆ ಸೀಯುತ್ತದೆಂದು ಎದ್ದೂ ಹೋದಳು. “ಇವಳೇ ನನ್ನ ತಂಗಿ,” ಎಂದರು ಸಾಹೇಬರು. ಆ ದಿನ ಅವಳು ನೆಲದ ಮೇಲೆ ನಡೆಯಲಿಲ್ಲ.

ಮಿಷಿಗನ್ ಗಡಿ ದಾಟುತ್ತಲೇ ಅವಳ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು. ಷಹನಾಜ್ ನೋಡಿದಳು, ಮತ್ತೆ ನೋಡಿದಳು. ಮನೆಯಲ್ಲಿ ದಖನಿ ಉರ್ದು ಆಡುವ ಈ ದಂಪತಿ ಜಗಳಕ್ಕೆ ಮಾತ್ರ ಕನ್ನಡವನ್ನೇ ಹಿಡಿಯುತ್ತಾರೆ.

“ಮುಂದೆ ಇದ್ರೆ ಬೇಗ ಹೊರಡಬೇಕು ಕಣ್ರೀ! ಲೇಟಾಗಿ ಅಲ್ಲ!”

“ನೀನೂ ಹೂಂ ಅಂದ್ಯಲ್ಲ...”

“ನಾನು ಇಸ್ತ್ರಿ ಪೆಟ್ಟಿಗೆಗೆ ಹೂಂ ಅಂದೆ!”

ನಾಟಕದ ಉಸ್ತುವಾರಿ ನೋವೈನ ಎಂಜಿನಿಯರ್ ಚೇತನಾಳದು, ಹುಬ್ಬಳ್ಳಿಯವಳು. ಷಹನಾಜ್ ಅವಳಿಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಚೇತನಾಳೇ ತಿರುಗಿ ಮಾಡಿದಳು.

“ಅಕ್ಕಾರ, ಸಾಹೇಬ್ರಿಗೆ ಹೇಳೇನ್ರಿ. ಸಿಟ್ಟೂ ಆಗಲಿಲ್ಲ, ಏನೂ ಇಲ್ಲ. ‘ಆರಕ್ಕ ಪರದೆ ತೆಗೀರಿ, ಯಾರಿಗೂ ಏನೂ ಹೇಳಬ್ಯಾಡ್ರಿ’ ಅಂದ್ರು, ಅಷ್ಟ.”

“ನನ್ನ ಪಾರ್ಟು?”

“ಅದೊಂದು ಕೇಳಬ್ಯಾಡ್ರಿ. ನನಗೂ ತಿಳೀವಲ್ದು.”

ಷಹನಾಜ್‌ಗೆ ತಿಳಿಯಿತು. ಕಾರಿನಿಂದ ಇಳಿಯದೆ ವಾಪಸು ಹೋದ ಆ ನಟನ ಮುಖ ಕಣ್ಣಮುಂದೆ ಬಂತು. ಉಳಿದ ದಾರಿಯುದ್ದಕ್ಕೂ ಅವಳು ಅತ್ತಳು; ಯಾಕೂಬ ಕೆಮ್ಮಲಿಕ್ಕೂ ಹೆದರಿ ಡ್ರೈವ್ ಮಾಡಿದ.

ನೋವೈ ಸೇರುವಾಗ ಆರೂವರೆ. ಅವಳ ಪ್ರವೇಶ ಪರದೆ ತೆರೆದ ಐದು ನಿಮಿಷಕ್ಕೇ ಇತ್ತು. ಸಭಾಂಗಣದ ಬಾಗಿಲಲ್ಲೇ ನಿಂತಿದ್ದ ಚೇತನಾ ಅವಳ ಕೈ ಹಿಡಿದು, “ಆರಕ್ಕ ಕುಂತಾರ್ರಿ. ಇನ್ನೂ ಒಂದು ಮಾತು ಆಡಿಲ್ಲ,” ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು.

ವೇದಿಕೆಯ ಮೇಲೆ ಒಂದೇ ದೀಪ, ಒಂದು ಟ್ರಂಕು, ಅದರ ಮೇಲೆ ಜಲಾಲಿ ಸಾಹೇಬರು. ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡರು. ಹಣ್ಣನ್ನು ಎರಡು ಮಾಡಿ, ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ತಮ್ಮ ಪಾಲನ್ನೂ ತಿನ್ನಲಿಲ್ಲ. ದೂರದಲ್ಲೆಲ್ಲೋ ಗಾಡಿ ಕೇಳಿಸಿದವರಂತೆ ತಲೆ ಎತ್ತಿದರು. ಇಡೀ ಸಭೆ ತಲೆ ಎತ್ತಿತು. ಅದು ನಿಲ್ಲದೆ ಹೋಯಿತು. ಸಭೆಯ ಹೆಗಲುಗಳೆಲ್ಲ ಇಳಿದವು. ಸಾಹೇಬರು ಟೋಪಿ ಸರಿಪಡಿಸಿಕೊಂಡು, ಯಾರೋ ತಮ್ಮನ್ನು ನೋಡಿದರೇನೋ ಎಂದು ನಾಚಿ, ಮತ್ತೆ ತಲೆ ತಗ್ಗಿಸಿದರು. ಒಂದು ಫೋನೂ ಬೆಳಗಲಿಲ್ಲ, ಮಡಿಲ ಮಕ್ಕಳೂ ಮಿಸುಕಲಿಲ್ಲ. ತಡದ ಸುದ್ದಿ ತಿಳಿಯದೆ ಬಂದವರಿಗೆಲ್ಲ ಇದೇ ನಾಟಕ. ಮನುಷ್ಯ ಬರಿದೇ ಕಾಯುವುದು ಇಷ್ಟು ದೊಡ್ಡದೇ ಎಂದು ಷಹನಾಜ್ ಬೆರಗಾದಳು. ಬಾಲ್ಯದ ಆ ಚಿಕ್ಕ ಪರದೆಯಲ್ಲಿ ತಾನು ಕಂಡದ್ದು ಇವರ ಕಾಲಂಶವೂ ಅಲ್ಲ ಅನಿಸಿತು.

ಹಿಂಬಾಗಿಲಿಗೆ ಹೋಗುವುದು ಅವಳಿಗೆ ಹೊಳೆಯಲೇ ಇಲ್ಲ. ಬಣ್ಣವಿಲ್ಲ, ಬಿಳಿ ವಿಗ್ಗಿಲ್ಲ, ದುಪಟ್ಟಾ ಕಾರಿನಲ್ಲೇ ಉಳಿದಿತ್ತು. ಚಳಿಗಾಲದ ಕೋಟಿನಲ್ಲೇ, ಹಿಮ ಮೆತ್ತಿದ ಬೂಟಿನಲ್ಲೇ, ಜನರ ನಡುವಿನ ದಾರಿಯಲ್ಲಿ ನಡೆದಳು. ಸಾಹೇಬರು ಅವಳನ್ನು ಕಂಡರು. ಎದ್ದು ನಿಂತರು. ಟ್ರಂಕಿನ ಮೇಲೆ ಕೈಯೂರಿ, ಕಷ್ಟಪಟ್ಟು, ಪೂರ್ತಿಯಾಗಿ ಎದ್ದು ನಿಂತರು.

“ಗಾಡಿ ತಡವಾಯಿತೇ?” ಎಂದರು. ಅದು ನಾಟಕದ ಮಾತೇ.

ಹೌದು ಭಾಯಿಜಾನ್, ಗಾಡಿ ತಡವಾಯಿತು ಎನ್ನಬೇಕಿತ್ತು. ವಾರಗಟ್ಟಲೆ ಉರು ಹೊಡೆದದ್ದು. ಷಹನಾಜಳ ಬಾಯಿಂದ ಅದು ಹೊರಡಲಿಲ್ಲ.

“ಗಾಡಿ ಅಲ್ಲ ಭಾಯಿಜಾನ್. ತಡ ಮಾಡಿದ್ದು ನಾನು. ನೀವು ಹೊರಟುಹೋಗಿರುತ್ತೀರಿ ಅಂದುಕೊಂಡೆ.”

ಸಾಹೇಬರು ನೋಡಿದರು. ಅವಳನ್ನೋ, ಅವಳ ಹಿಂದೆ ಲಾಹೋರಿನ ಆ ಖಾಲಿ ಬೆಂಚನ್ನೋ. ಅಷ್ಟು ದಶಕಗಳಲ್ಲಿ ಒಮ್ಮೆಯೂ ಪಾತ್ರದಲ್ಲಿ ಕಣ್ಣೀರು ಹಾಕದ ಮನುಷ್ಯನ ಗಡ್ಡ ಒದ್ದೆಯಾಗಿತ್ತು. ಬಗ್ಗಿ ಕರವಸ್ತ್ರದ ಗಂಟು ಬಿಚ್ಚಿ, ಅರ್ಧ ಹಣ್ಣನ್ನು ಅವಳತ್ತ ಚಾಚಿದರು.

“ಈ ಸಲ ನಾನು ಇದ್ದೆನಲ್ಲ, ತಂಗಿ,” ಎಂದರು.

ಅದು ನಾಟಕದಲ್ಲಿರಲಿಲ್ಲ. ಷಹನಾಜ್ ಹಣ್ಣು ತೆಗೆದುಕೊಂಡು ಟ್ರಂಕಿನ ಮೇಲೆ ಅವರ ಪಕ್ಕ ಕೂತಳು.