ಗುಂಡಗಿನ ತುಟಿ

ಬಿಸಿ ರೊಟ್ಟಿಯ ಚೂರಿಗೆ ರಂಜನಾ ಊದುತ್ತಾಳೆ, ಪುಟ್ಟ ತುಟಿ ಗುಂಡಗೆ, ಮಗಳು ಎರಡನೇ ಕ್ಲಾಸಿಗೆ ಬಂದಳು, ಇನ್ನೂ ಹಾಗೇ ಊದುತ್ತಾಳೆ, ನಾನು ಹಿಟ್ಟು ನಾದುತ್ತೇನೆ, ಮೆತ್ತಗಾಯಿತೋ ಗಟ್ಟಿಯಾಯಿತೋ ಕೈ ಹೇಳುವುದಿಲ್ಲ, ಕಣ್ಣಿಂದ ನೋಡಬೇಕು, ಸಲಾಯಿನ್ನಿನಲ್ಲಿ ಔಷಧ ಏರತೊಡಗಿದ ಮೇಲೆ ಬೆರಳಿಗೆ ಯಾರೋ ಬಟ್ಟೆ ಸುತ್ತಿದ ಹಾಗೆ — ಉರಿ ಸಣ್ಣ ಮಾಡ ಶೀಲಾ, ಕಟ್ಟೆಯಿಂದ ಅತ್ತೆಯ ದನಿ, ಮಾಡೇನ್ರಿ — ನಾಳೆ ಮತ್ತೆ ಹುಬ್ಬಳ್ಳಿ, ಮತ್ತೆ ಶಬೀನಾ ಡಾಕ್ಟರು, ಕಣ್ಣ ಮುಚ್ಚ್ರಿ ಅಕ್ಕಾರ, ಬೆರಳಿಗೆ ಹತ್ತಿ ಮುಟ್ಟಿಸ್ತೇನಿ, ಗೊತ್ತಾದ್ರ ಹ್ಞೂಂ ಅನ್ರಿ, ಕಳೆದ ಸಲ ರೆಪ್ಪೆಯ ಸಂದಿಯಿಂದ ನೋಡಿ ನೋಡಿ ಹ್ಞೂಂ ಅಂದೆ, ಇಲ್ಲ ಅಂದರೆ ಔಷಧ ಕಡಿಮೆ ಮಾಡುತ್ತಾರೆ, ಕಡಿಮೆ ಮಾಡಿ ಎದೆಯ ಗಂಟು ತಿರುಗಿ ಬಂದರೆ ರಂಜನಾಳ ತಲೆ ಬಾಚುವವರು ಯಾರು, ಬೆರಳು ಹೋದರೆ ಹೋಗಲಿ — ಮೇಜಿನ ಮೇಲೆ ಗೆರೆ ಎಳೆದು ತೋರಿಸಿದ್ದರು ಡಾಕ್ಟರು, ನರದೊಳಗ ಸಣ್ಣ ಸಣ್ಣ ಹಳಿ ಇರ್ತಾವ್ರಿ, ನರ ಬದುಕಾಕ ಬೇಕಾದ ಸಾಮಾನು ಅದರ ಮ್ಯಾಲೇ ತುದಿತನಕ ಹೋಗೂದು, ಗಂಟು ಬೆಳೀದಂಗ ತಡೆಯೋ ಔಷಧ ಆ ಹಳಿನೂ ಬಿಗಿದು ಹಿಡೀತೈತಿ, ಸಾಗಾಟ ನಿಂತ್ರ ದೂರದ ತುದಿಗೇ ಮೊದಲ ಉಪವಾಸ, ಕೈ ಬೆರಳು, ಕಾಲ ಬೆರಳು, ಹಾನಗಲ್ಲಿನ ಬಸ್ಸು ಬಾರದ ದಿನ ತಿಳವಳ್ಳಿಯ ನಮ್ಮ ಅಂಗಡಿಗೆ ಪೇಪರು ಬರುವುದಿಲ್ಲವಲ್ಲ, ಅಷ್ಟೇ, ಅಂದುಕೊಂಡೆ, ಮರುದಿನ ಬರುತ್ತದೆ, ಬಾರದೆ ಎಲ್ಲಿ ಹೋದೀತು — ರೊಟ್ಟಿ ಹಂಚಿಗೆ ಹಾಕಿದೆ, ನೀರು ಸವರಿದೆ, ತಿರುವಲು ಅಂಚಿಗೆ ಬೆರಳು, ಚಿಮಟ ಹಿಡದು ರೊಟ್ಟಿ ತಿರುವೋಕಿ ಪ್ಯಾಟಿ ಹೆಣ್ಣಮಗಳು, ಅಂತ ಅತ್ತೆ ನಗುತ್ತಿದ್ದರು ನಾನು ಹೊಸದಾಗಿ ಬಂದಾಗ, ಅಂದಿನಿಂದ ಬರಿಗೈಯೇ, ಏನೋ ಹೊತ್ತಿದ ವಾಸನೆ, ರೊಟ್ಟಿಯಲ್ಲ, ರೊಟ್ಟಿ ಇನ್ನೂ ಬೆಳ್ಳಗಿದೆ, ಅವ್ವಾ ಕೈ, ಅವ್ವಾ ನಿನ್ನ ಕೈ — ಹಂಚಿಗೆ ಒತ್ತಿಕೊಂಡು ಕೂತಿದೆ ಬೆರಳು, ನನ್ನದೇ, ಪಕ್ಕದ ಮನೆಯವರದೇನೋ ಎಂಬಂತೆ ನೋಡುತ್ತಿದ್ದೇನೆ, ರಂಜನಾ ಎಳೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ, ತುದಿ ಬೆಳ್ಳಗೆ ಉಬ್ಬಿದೆ, ಉರಿಯುವುದು ಬೇಡವೇ, ತಡಿ ಊದ್ತೇನಿ, ಅವಳು ಬಾಗಿದಳು, ತಂಪಾತು ಬಂಗಾರ, ಅಂದೆ, ನಾ ಇನ್ನೂ ಊದೇ ಇಲ್ಲಲ್ಲ ಅವ್ವಾ — ನಗುವುದಿಲ್ಲ ಅವಳು, ಕಣ್ಣ ಮುಚ್ಚು, ಈಗ ಊದ್ತೇನಿ, ಖರೇ ಹೇಳ್ಬೇಕು, ಮುಚ್ಚಿದೆ, ಈ ಸಲ ಬಿಗಿಯಾಗಿ, ಸಂದಿ ಬಿಡದೆ, ಕತ್ತಲು, ಒಲೆಯ ಚಟಪಟ, ಗೊತ್ತಾತನ, ಇಲ್ಲವ್ವ, ಇಲ್ಲ, ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು, ನಾಳೆ ಡಾಕ್ಟರ ಮುಂದೆಯೂ ಬರಬೇಕು, ಬರುತ್ತದೆಯೇ, ಕಣ್ಣು ತೆರೆಯುತ್ತೇನೆ, ಅವಳು ಇನ್ನೂ ಊದುತ್ತಲೇ ಇದ್ದಾಳೆ, ಪುಟ್ಟ ತುಟಿ ಗುಂಡಗೆ, ಗುಂಡಗೆ —